ಸೌದೆಯ ಸಂಸ್ಕಾರ
ನರೋಡಾದ ಕಡೆ ‘ಗಾಂಡೋ ಬಾವಳ್’, ಎಂದರೆ ಹುಚ್ಚುಜಾಲಿ, ಎನಿಸಿಕೊಳ್ಳುವ ಮುಳ್ಳುಮರವೇ ಕನ್ನಡನಾಡಿನ ಬಳ್ಳಾರಿಜಾಲಿ. ಮೂಲತಃ ಅಮೆರಿಕ ಖಂಡದ್ದು. ಎರಡು ನಾಡುಗಳಲ್ಲಿಯೂ ಅದು ಬಡವರ ಉರುವಲು.

ಹಸಿಸೌದೆ ಉರಿಯುವಾಗ ಶಾಖದ ಒಂದಂಶವು ಅದರೊಳಗಿನ ನೀರಿಗೇ ವ್ಯಯವಾಗುತ್ತದೆ. ಒಂದು ಕಿಲೋಗ್ರಾಂ ಕುದಿನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲೊರಿ ಬೇಕು. ಉರಿ ತಗ್ಗಿದಷ್ಟೂ ಹೊಗೆ ಹೆಚ್ಚುವುದು. ಅದರ ದಂಡವನ್ನು ತೆರುವುವು ಅಡುಗೆಯವರ ಕಣ್ಣು, ಶ್ವಾಸಕೋಶಗಳು.

ತೇವವು ಮರದ ಎಳೆಗುಂಟ ಬೇಗನೆ ಹೊರಹೋಗುವುದರಿಂದ ಕೊರಡನ್ನು ಗಿಡ್ಡ ತುಂಡುಗಳಾಗಿ ಕಡಿಯಬೇಕು. ತೊಗಟೆಯು ಅದನ್ನು ತಡೆಯುವುದರಿಂದ ಸೀಳಬೇಕು. ಗಂಟಿನಲ್ಲಿ ಎಳೆಗಳು ಹೆಣೆದುಕೊಂಡಿರುವುದರಿಂದ ಕೊಡಲಿಯ ಏಟು ಅದರ ಪಕ್ಕಕ್ಕೆ ಬೀಳುವುದು ಲೇಸು. ಸೀಳುಗಳನ್ನು ಕಲ್ಲುಗಳ ಮೇಲೆ ಎಡೆಬಿಟ್ಟು ಒಟ್ಟಿ, ಮೇಲ್ಭಾಗವನ್ನಷ್ಟೇ ಹೊದಿಸಿ, ಪಕ್ಕಗಳನ್ನು ಗಾಳಿಗೆ ತೆರೆದಿಡಬೇಕು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನವೇ ಸೌದೆಕೊಟ್ಟಿಗೆಯನ್ನು ತುಂಬುವ ರೂಢಿಯ ತತ್ತ್ವವೂ ಇದೇ: ಒಣಗಿಸುವ ಕೆಲಸವನ್ನು ಒಲೆಗೆ ಬಿಡದೆ ಬಿಸಿಲು-ಗಾಳಿಗಳಿಗೆ ಒಪ್ಪಿಸುವುದು.