ಜೇಡ ಕಚ್ಚಿತೆಂದಾಗ: ಆಸ್ಪತ್ರೆ ದೂರವಿರುವ ತೋಟಗಳಲ್ಲಿ ನಾವು ಮಾಡಬೇಕಾದ್ದೇನು?

ಮಳೆ ನಿಂತು ಅಡಿಕೆ ಕೊನೆ ಇಳಿಸುವ ಕೆಲಸವೂ ಕಾಫಿ ಹಣ್ಣಿನ ಕೊಯ್ಲೂ ಒಂದರ ಹಿಂದೊಂದು ಬಂದಾಗ ತೋಟದಲ್ಲಿ ಕೈಕಾಲಿಗೆ ಬಿಡುವಿರುವುದಿಲ್ಲ. ಬಿದ್ದ ಹಾಳೆ ಎತ್ತುವಾಗ, ದರಗು ಒಟ್ಟುಮಾಡುವಾಗ, ಮೆಣಸಿನ ಬಳ್ಳಿಗೆ ಕೈ ಹಾಕುವಾಗ "ಏನೋ ಕಚ್ಚಿತು" ಎಂದು ಯಾರಾದರೂ ಕೂಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ಹುಡುಕಿದರೆ ಏನೂ ಸಿಕ್ಕುವುದಿಲ್ಲ. "ಜೇಡರ ಹುಳ ಇರಬೇಕು, ಸುಣ್ಣ ಹಚ್ಚು" ಎನ್ನುತ್ತಾರೆ; ಕೆಲಸ ಮುಂದುವರಿಯುತ್ತದೆ. ಅನೇಕ ಸಲ ಇದರಿಂದ ಏನೂ ಆಗುವುದಿಲ್ಲ. ಆದರೆ ಕಚ್ಚಿದ್ದು ಜೇಡವಲ್ಲದೆ ಹಾವಾಗಿದ್ದರೆ, ಈ ಒಂದು ಮಾತಿನಿಂದ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಆದ್ದರಿಂದ ಈ ವಿಷಯವನ್ನು ಸದಸ್ಯ ಬಾಂಧವರ ಗಮನಕ್ಕೆ ತರುತ್ತಿದ್ದೇವೆ.

ನಮ್ಮ ತೋಟದ ಜೇಡಗಳು

ಹೆಚ್ಚುಕಡಿಮೆ ಎಲ್ಲ ಜೇಡಗಳಿಗೂ ವಿಷವಿದೆ. ಆದರೆ ಅದು ಕೀಟಗಳನ್ನು ಕೊಲ್ಲುವಷ್ಟರದು. ಗಿಡಗಳ ನಡುವೆ ಬಲೆ ಕಟ್ಟುವ ಜೇಡಗಳು ನಮಗೆ ಉಪಕಾರಿಗಳೇ ಹೊರತು ಶತ್ರುಗಳಲ್ಲ. ಅವುಗಳಲ್ಲಿ ಬಹಳಷ್ಟರ ಹಲ್ಲು ನಮ್ಮ ಚರ್ಮವನ್ನು ದಾಟುವುದಿಲ್ಲ.

ನಾವು ಎಚ್ಚರ ವಹಿಸಬೇಕಾದದ್ದು ಮೈತುಂಬ ರೋಮವಿರುವ ದೊಡ್ಡ ಜೇಡಗಳ ಬಗ್ಗೆ. ಇವುಗಳಲ್ಲಿ ಕೆಲವು ಧರೆಯ ಬಿಲಗಳಲ್ಲಿ ಇರುತ್ತವೆ, ಕೆಲವು ಹಳೆಯ ಮರಗಳ ಪೊಟರೆಯಲ್ಲಿ ಹಾಗೂ ಸಡಿಲ ತೊಗಟೆಯ ಅಡಿಯಲ್ಲಿ. ಮರದ ಜೇಡಗಳಲ್ಲಿ ಪೊಯೆಸಿಲೊಥೀರಿಯಾ ಎಂಬ ಗುಂಪು ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ ಇದೆ. ಇದು ಕಚ್ಚಿದರೆ ತೀವ್ರ ನೋವು ಮತ್ತು ಬಾವು ಬರುತ್ತದೆ. ಕೆಲವರಿಗೆ ಕೆಲವು ಗಂಟೆಗಳ ಅಥವಾ ದಿನಗಳ ನಂತರ ಮಾಂಸಖಂಡಗಳು ಹಿಡಿದುಕೊಳ್ಳುತ್ತವೆ. ಈ ಸೆಳೆತ ಬಿಟ್ಟು ಬಿಟ್ಟು ವಾರಗಟ್ಟಲೆ ಕಾಡಬಹುದು. ಪ್ರಾಣಾಪಾಯ ಅತಿ ವಿರಳವಾದರೂ ವೈದ್ಯರಿಗೆ ತೋರಿಸಲೇಬೇಕು.

ಜೇಡ ಕಚ್ಚಿದ್ದನ್ನು ಕಣ್ಣಾರೆ ಕಂಡಿದ್ದರೆ

1. ಗಾಯವನ್ನು ಸೋಪು ಹಾಕಿ ಶುದ್ಧ ನೀರಿನಲ್ಲಿ ತೊಳೆಯಿರಿ.
2. ಬಾವು ಏರುವ ಮೊದಲೇ ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆಗಳನ್ನು ತೆಗೆಯಿರಿ.
3. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಡಿ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ.
4. ನೋವಿಗೆ ವಯಸ್ಕರು 500 ಮಿಲಿಗ್ರಾಂನ ಪ್ಯಾರಸಿಟಮಾಲ್ ಒಂದು ಅಥವಾ ಎರಡು ಮಾತ್ರೆಯನ್ನು ಆರು ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬಹುದು. ಲಿವರ್ ತೊಂದರೆ ಅಥವಾ ಕುಡಿತದ ಅಭ್ಯಾಸ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.
5. ಬಾವಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯಿರಿ. ಬಾವು ಗೆರೆ ದಾಟಿ ಏರುತ್ತಿದೆಯೇ ಎಂಬುದು ಇದರಿಂದ ತಿಳಿಯುತ್ತದೆ.
6. ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಹಾಕಿಸಿಕೊಳ್ಳಿ.

ಮಾಂಸಖಂಡ ಹಿಡಿದುಕೊಂಡರೆ, ಎದೆ ಬಿಗಿದರೆ, ಉಸಿರಾಟಕ್ಕೆ ಕಷ್ಟವಾದರೆ, ಮುಖ ಊದಿಕೊಂಡರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಕಚ್ಚಿಸಿಕೊಂಡವರು ಮಗುವಾದರೆ ಯಾವ ಲಕ್ಷಣಕ್ಕೂ ಕಾಯಬೇಡಿ.

ಜೇಡವನ್ನು ಯಾರೂ ಕಾಣದಿದ್ದರೆ

ಈ ಲೇಖನದ ಮುಖ್ಯ ಮಾತು ಇದೇ: ಕಣ್ಣಿಗೆ ಕಾಣದ್ದನ್ನು ಜೇಡ ಎನ್ನಬೇಡಿ. ಕಚ್ಚಿದ್ದು ಏನೆಂದು ತಿಳಿಯದಿದ್ದರೆ ಅದು ಹಾವೆಂದೇ ಭಾವಿಸಿ ನಡೆದುಕೊಳ್ಳಿ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಕಡಂಬಳ ಎಂದೂ ಕರೆಯುವ ಕಟ್ಟುಹಾವು. ಇದು ಸಾಮಾನ್ಯವಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಅತ್ಯಲ್ಪ, ಬಾವು ಇಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟವೇ ನಿಲ್ಲುವುದು ಇದರ ಕ್ರಮ.

ಎರಡನೆಯದು ಮೂತಿ ಮೇಲಕ್ಕೆತ್ತಿದಂತಿರುವ ಸಣ್ಣ ಗುಳಿಮಂಡಲ. ಒಣಎಲೆಯ ಬಣ್ಣದ ಈ ಹಾವು ಪಶ್ಚಿಮಘಟ್ಟದ ತೋಟಗಳ ದರಗಿನಲ್ಲಿ ಸುರುಳಿ ಸುತ್ತಿ ಮಲಗಿರುತ್ತದೆ. ಕೈಬೆರಳಿಗೋ ಪಾದಕ್ಕೋ ಕಚ್ಚಿದಾಗ ನೋವು, ಬಾವು, ಗುಳ್ಳೆ ಬರುವುದರಿಂದ ಜೇಡವೆಂದು ತಿಳಿಯುವುದು ಸುಲಭ. ಆದರೆ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಟ್ಟು ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ನಮ್ಮ ದೇಶದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಹಾಗೆಂದು ಆಸ್ಪತ್ರೆ ಬೇಡವೆಂದಲ್ಲ. ರಕ್ತ ಮತ್ತು ಮೂತ್ರಪಿಂಡಗಳನ್ನು ಕಾಯುವ ಚಿಕಿತ್ಸೆ ಅಲ್ಲಿಯೇ ಆಗಬೇಕು.

ದಾರಿಯಲ್ಲಿ

ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಓಡಿಸಬೇಡಿ. ಕೈ ಅಥವಾ ಕಾಲಿಗೆ ಅಡಿಕೆ ದಬ್ಬೆಯನ್ನೋ ಹಲಗೆಯನ್ನೋ ಆಧಾರವಾಗಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಅಲುಗದಂತೆ ಮಾಡಿ. ಕಂಬಳಿಗೆ ಎರಡು ಗಳ ಹಾಕಿ ಹೊತ್ತು ರಸ್ತೆಗೆ ತನ್ನಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಆಸ್ಪತ್ರೆ ಸೇರಿಸಿ. ಕಟ್ಟುಹಾವಿನ ವಿಷದಿಂದ ಸ್ತಬ್ಧವಾದ ದೇಹ ಸತ್ತಂತೆ ಕಂಡರೂ ಉಸಿರು ಸಿಕ್ಕಿದರೆ ಬದುಕುಳಿಯಬಹುದು.

ಹಗ್ಗ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ ಹಚ್ಚುವುದು, ಸಾರಾಯಿ ಕುಡಿಸುವುದು ಯಾವುದೂ ಬೇಡ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳೂ ಬೇಡ. ಅವು ರಕ್ತಸ್ರಾವ ಹೆಚ್ಚಿಸಬಹುದು. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದೂ ಉಂಟು. ದೂರದಿಂದ ಫೋಟೊ ತೆಗೆದರೆ ಸಾಕು.

ಆಸ್ಪತ್ರೆಯಲ್ಲಿ "ಜೇಡ ಕಚ್ಚಿದೆ" ಎನ್ನದೆ, "ಏನು ಕಚ್ಚಿತೋ ಕಾಣಲಿಲ್ಲ, ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ" ಎಂದು ಹೇಳಿ. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುವ ಸರಳ ಪರೀಕ್ಷೆಯೊಂದಿದೆ. ಅದನ್ನು ಮಾಡುವಿರಾ ಎಂದು ವಿನಯದಿಂದ ಕೇಳಿ. ಮೊದಲ ಸಲ ಸರಿಯಿದ್ದರೂ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಆದ್ದರಿಂದ ಕನಿಷ್ಠ 24 ಗಂಟೆ ಅಲ್ಲಿಯೇ ಇರುವುದು ಕ್ಷೇಮ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕಾಗಿದೆ. ಜೇಡದ ಹೆಸರಿನಲ್ಲಿ ಮುಚ್ಚಿಹೋದ ಹಾವಿನ ಕಡಿತ ಆ ಲೆಕ್ಕಕ್ಕೂ ಬರುವುದಿಲ್ಲ.

ಇಂದೇ ಮಾಡಿಡಬೇಕಾದ್ದು

ಪ್ರತಿವಿಷ ಮತ್ತು ಕೃತಕ ಉಸಿರಾಟದ ಯಂತ್ರ ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ವೈದ್ಯರಿರುತ್ತಾರೆಯೇ ಎಂದು ಈಗಲೇ ವಿಚಾರಿಸಿಡಿ. ಅದರ ದೂರವಾಣಿ ಸಂಖ್ಯೆ, ಅಂಬುಲೆನ್ಸಿನ 108, ಜೀಪು ಇರುವ ನೆರೆಯವರ ಸಂಖ್ಯೆ ಇವಿಷ್ಟನ್ನೂ ಲೈನು ಮನೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಮೊಬೈಲ್ ಸಿಗ್ನಲ್ ಸಿಗುವ ಜಾಗ ಎಲ್ಲಿದೆ ಎಂಬುದು ಮಕ್ಕಳಿಗೂ ಗೊತ್ತಿರಲಿ. ಕೆಲಸದವರಿಗೆ ಬೂಟು, ದಪ್ಪ ಕೈಚೀಲ ಕೊಡಿಸಿ. ಹಾಕುವ ಮೊದಲು ಬೂಟನ್ನು ಕೊಡವುವುದನ್ನು ರೂಢಿ ಮಾಡಿಸಿ. ಹಾಳೆ, ಸೌದೆಯ ರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕೆದಕಲಿ. ಮಲಗಲು ಮಂಚ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಮತ್ತು ರಾತ್ರಿ ಹೊರಗೆ ಹೋಗಲು ಟಾರ್ಚು ಇದ್ದರೆ ಕಟ್ಟುಹಾವಿನ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಕೊಯ್ಲಿನ ಭರದಲ್ಲಿ ಒಂದು ದಿನದ ಆಳು ಮತ್ತು ಜೀಪಿನ ಬಾಡಿಗೆ ನಮಗೆ ದೊಡ್ಡದೆನಿಸುವುದು ಸಹಜ. ಆಸ್ಪತ್ರೆಗೆ ಹೋಗಿ "ಏನೂ ಇಲ್ಲ" ಎನಿಸಿಕೊಂಡು ಮರಳಿದರೆ ಆ ಖರ್ಚನ್ನು ನಷ್ಟವೆಂದು ಬರೆಯದಿರೋಣ. ನಮ್ಮ ತೋಟವನ್ನು ನಂಬಿ ದುಡಿಯುವವರ ಜೀವದ ಹೊಣೆ ನಮ್ಮ ಮೇಲಿದೆ. ಈ ಪುಟವನ್ನು ಓದಿದ ಸದಸ್ಯರು ಓದಲು ಬಾರದ ಕೆಲಸಗಾರರಿಗೂ ಇದನ್ನು ಓದಿ ಹೇಳಬೇಕೆಂದು ಕೋರುತ್ತೇವೆ.