ಅಯ್ಯಪ್ಪನಿಗೆ ವರ್ಷಕ್ಕೊಮ್ಮೆ ಬೈಗುಳ

ಕೊಡಗಿನ ಹಳ್ಳಿಗಳಿಗೆ ವಸಂತ ಬರುವುದು ಬೇವು-ಬೆಲ್ಲದ ತಟ್ಟೆಯಲ್ಲಲ್ಲ, ಕಾಫಿ ಗಿಡದ ಮೇಲೆ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಹದವಾಗಿ ಒಂದು ಹೂಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗಿ, ಮಲ್ಲಿಗೆಯಂಥ ಕಂಪು ಬಸ್ಸಿನ ಕಿಟಕಿಯವರೆಗೂ ಬರುತ್ತದೆ. ಮಳೆ ಕೈಕೊಟ್ಟರೆ ಹಗಲೂ ರಾತ್ರಿ ಸ್ಪ್ರಿಂಕ್ಲರ್ ಸದ್ದು.

ಈ ಹೂವಿನ ಗಡಿಬಿಡಿ ಮುಗಿಯುವ ಹೊತ್ತಿಗೆ ಎಡಮ್ಯಾರ್ ತಿಂಗಳು ಹುಟ್ಟುತ್ತದೆ. ಸೌರಮಾನದ ಲೆಕ್ಕ ಹಿಡಿಯುವ ಕೊಡವರಿಗೆ ಏಪ್ರಿಲ್ ಮಧ್ಯದ ಬಿಸು ಸಂಕ್ರಮಣವೇ ಹೊಸ ವರ್ಷ. ಕೇರಳದಲ್ಲಿ ವಿಷು, ತುಳುನಾಡಿನಲ್ಲಿ ಬಿಸು ಆಚರಿಸುವ ಕಾಲವೂ ಅದೇ. ನಸುಕಿನಲ್ಲಿ ಕುಟುಂಬದ ಮೂಲಮನೆಯಾದ ಐನ್‌ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚಿ, ಎತ್ತುಗಳ ಮೈ ತೊಳೆದು ಗದ್ದೆಗಿಳಿಸುತ್ತಾರೆ. ಮೂಡಣಕ್ಕೆ ಮುಖ ಮಾಡಿ ಕೈಮುಗಿದು ನೇಗಿಲು ಊರಿದರೆ ವರ್ಷದ ಮೊದಲ ಉಳುಮೆ ಆದಂತೆ. ಈಗ ಗದ್ದೆಗಳು ಪಾಳು ಬಿದ್ದಿವೆ, ಎತ್ತಿನ ಜೋಡಿ ಸಿಗುವುದೇ ಕಷ್ಟ. ಆದರೂ ಹಬ್ಬ ಉಳಿದಿದೆ, ಮರ್ಯಾದೆಯ ಹಬ್ಬವಾಗಿ, ಸಣ್ಣ ದನಿಯಲ್ಲಿ.

ಮರ್ಯಾದೆ ಬಿಟ್ಟ ಹಬ್ಬ ಬರುವುದು ಅದರ ಮರುತಿಂಗಳು. ಮುಂಗಾರು ಇನ್ನೇನು ಇಳಿಯಬೇಕು ಎನ್ನುವಾಗ, ಮೇ ಕೊನೆಯ ಹೊತ್ತಿನ ಒಂದು ಗುರುವಾರ, ತಿತಿಮತಿ ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬ. ಹೆಸರು ಕೇಳಿ ಹೊರಗಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಊರಿನ ಮಕ್ಕಳಿಗೆ ಅದು ಗೌರಿ ಹಬ್ಬದಷ್ಟೇ ಸಾದಾ ಹೆಸರು.

ಅಂದು ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು, ಹಬ್ಬವೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಜೇನುಕುರುಬರು, ಬೆಟ್ಟಕುರುಬರು, ಯರವರು, ಪಣಿಯರು ತಮ್ಮ ಆದಿವಾಸಿ ಹಾಡಿಗಳಿಂದ ಗುಂಪು ಗುಂಪಾಗಿ ಇಳಿಯುತ್ತಾರೆ. ಮೀಸೆಯ ಗಂಡಸು ಹೂವಿನ ನೈಟಿಯಲ್ಲಿ. ಇನ್ನೊಬ್ಬ ಹೆಂಡತಿಯ ಸೀರೆ ಎತ್ತಿ ಕಟ್ಟಿ, ರವಿಕೆಯೊಳಗೆ ಬಟ್ಟೆ ತುರುಕಿ, ತುಟಿಗೆ ಬಣ್ಣ ಬಳಿದುಕೊಂಡಿದ್ದಾನೆ. ಒಬ್ಬನ ಮುಖಕ್ಕೆ ಮಸಿ, ಒಬ್ಬನಿಗೆ ಪೇಟೆಯ ರಬ್ಬರ್ ಮುಖವಾಡ, ಮತ್ತೊಬ್ಬ ಮೈತುಂಬ ಸೊಪ್ಪು ಸುತ್ತಿಕೊಂಡು ನಡೆದಾಡುವ ಪೊದೆಯಾಗಿದ್ದಾನೆ. ಹಿಂದೆ ಒಣ ಸೋರೆ ಬುರುಡೆ ಬಡಿಯುತ್ತಿದ್ದ ಕೈಗಳಿಗೆ ಈಗ ಪ್ಲಾಸ್ಟಿಕ್ ಕ್ಯಾನು, ಖಾಲಿ ಡಬ್ಬ. ತಾಳ ಮಾತ್ರ ಒಂದೇ, ಸಾಲಿನ ಕೊನೆಗೆ ಎಲ್ಲರೂ ಸೇರಿ ಕೂಗುವುದೂ ಹಬ್ಬದ ಆ ಹೆಸರನ್ನೇ. ಹಾಡಿನ ಉಳಿದ ಭಾಗವನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ, ನಾನೂ ಹಾಕುವುದಿಲ್ಲ.

ಕಾರು, ಜೀಪು, ಬಸ್ಸು ಯಾವುದಕ್ಕೂ ವಿನಾಯಿತಿಯಿಲ್ಲ. ಬಾನೆಟ್ ಮೇಲೆ ಡಬ್ಬದ ತಾಳ, ಕಿಟಕಿಯೊಳಕ್ಕೆ ಚಾಚಿದ ಬಳೆಗೈ. ಕೊಡದಿದ್ದರೆ ಬೈಗುಳ, ಕೊಟ್ಟರೂ ಬೈಗುಳ. ಕೊಟ್ಟವನಿಗೆ ಜೊತೆಗೊಂದು ಕುಣಿತ. ಅಂಗಡಿಯವರು ಇದಕ್ಕೆಂದೇ ಗಲ್ಲಾಪೆಟ್ಟಿಗೆಯ ಪಕ್ಕ ಚಿಲ್ಲರೆ ಗುಡ್ಡೆ ಹಾಕಿಕೊಂಡು ಕೂತಿರುತ್ತಾರೆ. ವರ್ಷವಿಡೀ ತಲೆ ತಗ್ಗಿಸಿ ‘ಸಾವ್ಕಾರ್ರೇ’ ಎಂದು ಅಂಗಳದಾಚೆ ನಿಲ್ಲುವ ತೋಟದ ಆಳು ಅಂದು ಅದೇ ಸಾವ್ಕಾರರ ಜೀಪಿಗೆ ಅಡ್ಡ ನಿಂತು ಸೊಂಟ ಕುಣಿಸುತ್ತಾನೆ. ಸಾವ್ಕಾರರು ನಕ್ಕು ನೋಟು ತೆಗೆಯುತ್ತಾರೆ. ನಗದೆ ಬೇರೆ ದಾರಿಯಿಲ್ಲ.

ಇಷ್ಟು ಸಿಟ್ಟು ಯಾರ ಮೇಲೆ? ಕತೆಯ ಪ್ರಕಾರ ಅಯ್ಯಪ್ಪನ ಮೇಲೆ. ಕೊಡಗಿನ ಅಯ್ಯಪ್ಪ ಬೇಟೆಯ ದೇವರು; ಜಿಲ್ಲೆಯ ಸಾವಿರದಿನ್ನೂರಕ್ಕೂ ಹೆಚ್ಚಿನ ದೇವರಕಾಡುಗಳಲ್ಲಿ ಎಷ್ಟೋ ಅವನವು, ಅಲ್ಲಿ ಹರಕೆಗೆ ಮಣ್ಣಿನ ನಾಯಿ ಒಪ್ಪಿಸುವುದೂ ಉಂಟು. ಈ ಆದಿವಾಸಿಗಳನ್ನು ಬೇಟೆಗೆಂದು ಕಾಡಿಗೆ ಕರೆದೊಯ್ದ ಅಯ್ಯಪ್ಪ, ನಡುವೆ ಭದ್ರಕಾಳಿಯನ್ನು ಕಂಡು ಮರುಳಾಗಿ, ಬಂದವರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೋದನಂತೆ. ನಡುಕಾಡಿನಲ್ಲಿ ಕೈಬಿಟ್ಟ ಆ ತಪ್ಪಿಗೆ ವರ್ಷಕ್ಕೊಂದು ದಿನ ಬೈಸಿಕೊಳ್ಳಬೇಕು.

ಮಧ್ಯಾಹ್ನದ ಮೇಲೆ ಗುಂಪುಗಳೆಲ್ಲ ದೇವರಪುರಕ್ಕೆ ತಿರುಗುತ್ತವೆ. ಅಯ್ಯಪ್ಪ, ಭದ್ರಕಾಳಿಯರ ಗುಡಿಯ ಸುತ್ತ ಡಬ್ಬಗಳ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಧೂಳು, ಬೆವರು, ಕಳ್ಳಿನ ವಾಸನೆ. ಹೆಣ್ಣುವೇಷ ಕೆಲವರಿಗೆ ತಮಾಷೆಯಲ್ಲ, ಹರಕೆ. ಅಂಥವರು ಕುಣಿತದ ನಡುವೆಯೂ ಗಂಭೀರವಾಗಿರುತ್ತಾರೆ. ಕೊನೆಗೆ ಎತ್ತಿದ ಹಣದಲ್ಲಿ ಒಂದು ಪಾಲು ದೇವರಿಗೆ ಹಾಕಿ, ಬೈದದ್ದಕ್ಕೆ ತಪ್ಪೊಪ್ಪಿಕೊಂಡು ಅಡ್ಡಬೀಳುತ್ತಾರೆ. ಉಳಿದ ಪಾಲು ಎಲ್ಲಿಗೆ ಹೋಗುತ್ತದೆಂದು ಕೇಳುವ ಅಗತ್ಯವಿಲ್ಲ.

ವಸಂತದಲ್ಲಿ ನಾಲಿಗೆಯ ಕಟ್ಟು ಬಿಚ್ಚುವುದು ನಮ್ಮ ದೇಶಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದ ಹೋಳಿಯಲ್ಲಿ ಕಾಮಣ್ಣನ ಹೆಸರಿನಲ್ಲಿ ಬಾಯಿ ಬಡಿದುಕೊಳ್ಳುತ್ತಾರೆ. ಕೇರಳದ ಕೊಡುಂಗಲ್ಲೂರಿನಲ್ಲಿ ಮೀನ ಮಾಸದ ಭರಣಿಗೆ ಬಂದವರು ಭಗವತಿಯೆದುರೇ ಪೋಲಿ ಹಾಡು ಹಾಡುತ್ತಾರೆ. ದೇವರಪುರದ ಬೈಗುಳದ ಖಾರ ಬೇರೆ, ಏಕೆಂದರೆ ಬೈಯುವವರ ಬದುಕು ಬೇರೆ. ಜೀತ ಪದ್ಧತಿ 1976ರಲ್ಲಿ ಕಾನೂನಿನಿಂದ ರದ್ದಾಯಿತು. ತೋಟದ ಲೈನ್ ಮನೆ ಮತ್ತು ಮುಂಗಡದ ಲೆಕ್ಕ ಅಷ್ಟು ಸುಲಭವಾಗಿ ರದ್ದಾಗಲಿಲ್ಲ. 2016ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿ ಎಬ್ಬಿಸಿದಾಗ ನಾಡೆಲ್ಲ ಸುದ್ದಿಯಾಗಿತ್ತು. ಕರೆದುಕೊಂಡು ಬಂದು ನಡುದಾರಿಯಲ್ಲಿ ಬಿಟ್ಟುಹೋದವನ ಕತೆಯನ್ನು ಇವರು ಮರೆಯದಿರುವುದು ನನಗೆ ಸಹಜವಾಗಿಯೇ ಕಾಣುತ್ತದೆ. ಬೈಗುಳ ಅಯ್ಯಪ್ಪನಿಗೆ ನಿಜ. ಕೇಳಿಸಿಕೊಳ್ಳುವವರ ಸಾಲಿನಲ್ಲಿ ಅವನೊಬ್ಬನೇ ಇಲ್ಲ.

ಈಚೆಗೆ ಕೇಳುಗರು ಹೆಚ್ಚಾಗಿದ್ದಾರೆ, ಮೊಬೈಲ್ ಹಿಡಿದು. ಹೋಂಸ್ಟೇಗೆ ಬಂದವರು ನೈಟಿಯವನ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕ್ಯಾಮೆರಾ ಕಂಡರೆ ಹೆಚ್ಚು ಕುಣಿಯುವ ಹುಡುಗರಿದ್ದಾರೆ. ಮುಖ ತಿರುಗಿಸುವ ಹಿರಿಯರೂ ಇದ್ದಾರೆ. ಹಾಡಿಯಲ್ಲಿ ಓದಿದ ಹುಡುಗರು ಕೆಲವರು ಈ ವೇಷ ಬೇಡವೆನ್ನುತ್ತಾರೆ, ಅದಕ್ಕೂ ಅವರಿಗೆ ಕಾರಣವಿದೆ.

ಶುಕ್ರವಾರ ಬೆಳಿಗ್ಗೆ ತೋಟದ ರೈಟರ್ ಹಾಜರಿ ಪುಸ್ತಕ ಹಿಡಿದು ನಿಂತರೆ ಅರ್ಧ ಸಾಲು ಖಾಲಿ. ಮಳೆ ಹಿಡಿಯುವ ಮುಂಚೆ ಮರ ಕಪಾತು ಮುಗಿಸಬೇಕು, ಮರ ಹತ್ತಲು ಇವರಷ್ಟು ಚುರುಕಿನವರು ಬೇರೆ ಸಿಗುವುದಿಲ್ಲ. ರೈಟರ್ ಗೊಣಗುತ್ತಾನೆ, ಸಾವ್ಕಾರರಿಗೆ ಫೋನು ಹಚ್ಚುತ್ತಾನೆ. ಸೋಮವಾರದ ತನಕ ಯಾರನ್ನೂ ಕರೆಯಬೇಡ ಎಂದು ಆ ಕಡೆಯಿಂದ ಉತ್ತರ ಬರುತ್ತದೆ.