ಒಂದು ಸ್ಪ್ಯಾನರ್‌ಗಾಗಿ ವಿಮಾನ ನಿಲ್ಲಿಸುತ್ತಾರೆಯೇ?

ಪ್ರಶ್ನೆ: ವಿಮಾನ ರಿಪೇರಿ ಮಾಡುವವರು ಕೆಲಸ ಮುಗಿದ ಮೇಲೆ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳನ್ನು ಎಣಿಸುತ್ತಾರಂತೆ. ಒಂದು ಕಳೆದರೆ ಏನು ಮಹಾ?

ಉತ್ತರ: ಮನೆಯಲ್ಲಾದರೆ ಪಕ್ಕದವರ ಹತ್ತಿರ ಕೇಳಿ ತಂದರಾಯಿತು. ಹ್ಯಾಂಗರ್‌ನಲ್ಲಿ ಹಾಗಲ್ಲ. ಅದು ಸಿಗಬೇಕು, ಇಲ್ಲವೇ ವಿಮಾನದೊಳಗೆ ಇಲ್ಲವೆಂದು ಖಾತ್ರಿಯಾಗಬೇಕು. ಅಲ್ಲಿಯವರೆಗೆ ವಿಮಾನ ಹಾರುವಂತಿಲ್ಲ.

ಈ ನಿಯಮ ತಪ್ಪಿದ್ದೂ ಉಂಟು. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆಯ ಎ380 ವಿಮಾನದ ಎಂಜಿನ್ ತಪಾಸಣೆ ನಡೆಯಿತು. ಎಂಜಿನ್ ತಿರುಗಿಸಲು ಬಳಸಿದ 1.25 ಮೀಟರ್ ಉದ್ದದ ನೈಲಾನ್ ಸಾಧನ ಒಳಗೇ ಉಳಿಯಿತು. ಆಳೆತ್ತರದ ಸುಮಾರು ಮುಕ್ಕಾಲು! ಅದನ್ನು ಹೊತ್ತುಕೊಂಡೇ ವಿಮಾನ 34 ಬಾರಿ, ಒಟ್ಟು 294 ಗಂಟೆ ಹಾರಿತು. ಅನಾಹುತವಾಗಲಿಲ್ಲ ಎಂಬುದು ಪುಣ್ಯ. ಲೋಹದ್ದಾಗಿದ್ದರೆ?

ಇದನ್ನು ತಡೆಯುವ ಉಪಾಯ ತೀರಾ ಸರಳ. ಪೆಟ್ಟಿಗೆಯ ಫೋಮ್‌ನಲ್ಲಿ ಪ್ರತಿ ಸಾಧನದ ಆಕಾರಕ್ಕೇ ಗುಳಿ ಕೊರೆದಿರುತ್ತಾರೆ. ಮೇಲ್ಪದರ ಕಪ್ಪು, ತಳ ಹಳದಿ. ಹಳದಿ ಕಂಡರೆ ಅಲ್ಲಿನದು ಹೊರಗಿದೆ ಎಂದರ್ಥ. ಒಯ್ದವರು ತಮ್ಮ ನಂಬರಿನ ಬಿಲ್ಲೆಯನ್ನು ಆ ಜಾಗದಲ್ಲಿಟ್ಟು ಹೋಗುತ್ತಾರೆ. ಯಾರ ಬಳಿ ಇದೆ ಎಂದು ಕೂಗಾಡಬೇಕಿಲ್ಲ.

ಎಂಜಿನಿಯರ್‌ಗೆ ಹುಡುಕಾಟದ ಸಮಯ ಉಳಿಯುವುದಂತೂ ಸರಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಲಾಭ ಬೇರೆಯಿದೆ. ಯಾವ ಸಾಧನ ಯಾವ ಕೆಲಸಕ್ಕೆ ಹೋಯಿತೆಂದು ಬರೆದಿಡುತ್ತಾರೆ. ಬೋಲ್ಟ್‌ಗಳನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್ ನಿಗದಿತ ಅವಧಿಗೊಮ್ಮೆ ಪರೀಕ್ಷೆಗೆ ಹೋಗಬೇಕು. ಅದರ ಅಳತೆ ತಪ್ಪಿದೆ ಎಂದು ತಿಳಿದರೆ, ಅದರಿಂದ ಯಾವ್ಯಾವ ಬೋಲ್ಟ್ ಬಿಗಿದದ್ದೆಂದು ಆ ದಾಖಲೆಯೇ ಹೇಳುತ್ತದೆ.

ನಿಮ್ಮ ಗ್ಯಾರೇಜಿನ ಗೋಡೆಯ ಮೇಲೂ ಹೀಗೆ ಮಾಡಬಹುದು. ಪ್ಲೈವುಡ್ ಹಲಗೆ, ನಾಲ್ಕು ಮೊಳೆ, ಪ್ರತಿ ಸಾಧನದ ಆಕಾರ ಬರೆಯಲು ಒಂದು ಮಾರ್ಕರ್ ಪೆನ್ ಸಾಕು.